ಲಿಯರ್ ಪಾತ್ರಕ್ಕೆ ನಮ್ಮ ಹಿರಿಯ ನಟಿ: ತಂಡ ಎರಡಾಗಿದೆ, ನಿಮ್ಮ ಅಭಿಪ್ರಾಯ ಬೇಕು

ನೇಪಥ್ಯ, ಮಡಿಕೇರಿ

ನಮ್ಮದು ಮಡಿಕೇರಿಯ ಚಿಕ್ಕ ಹವ್ಯಾಸಿ ತಂಡ. ಮಳೆಗಾಲವಿಡೀ ತಾಲೀಮು, ಮಳೆ ಹಿಂದೆ ಸರಿದ ಮೇಲೆ ಪ್ರದರ್ಶನ. ಈ ಸಲ ಷೇಕ್ಸ್‌ಪಿಯರನ ‘ಕಿಂಗ್ ಲಿಯರ್’, ಹೆಣ್ಣುಮಕ್ಕಳಿಗೆ ರಾಜ್ಯ ಹಂಚಿಕೊಟ್ಟು ಕೆಡುವ ಮುದಿ ದೊರೆಯ ಕಥೆ, ಎಂದು ತೀರ್ಮಾನವಾಗಿತ್ತು. ಪಾತ್ರ ಹಂಚುವ ಸಂಜೆ ತಂಡದ ಹಿರಿಯ ನಟಿ, ಯಾರೂ ಬಾಯಿ ತೆರೆಯುವ ಮೊದಲೇ, ‘ಲಿಯರ್ ನನಗೆ ಕೊಡಿ’ ಎಂದರು.

ಅವರಿಗೆ 67 ವರ್ಷ. ನಲವತ್ತು ವರ್ಷಗಳಿಂದ ಬಣ್ಣ ಹಚ್ಚುತ್ತಿದ್ದಾರೆ. ಕಳೆದ ಹತ್ತು ವರ್ಷಗಳಲ್ಲಿ ನಾವು ಅವರಿಗೆ ಕೊಟ್ಟ ಪಾತ್ರಗಳನ್ನು ಆ ರಾತ್ರಿ ಮನೆಗೆ ಬಂದು ಎಣಿಸಿದೆ. ಇಬ್ಬರು ಅಜ್ಜಿಯರು, ಮೂವರು ತಾಯಂದಿರು, ಒಬ್ಬ ಸೂಲಗಿತ್ತಿ. ಆರರಲ್ಲಿ ಮೂರು ಪಾತ್ರಗಳಿಗೆ ನಾಟಕಕಾರರು ಹೆಸರನ್ನೇ ಇಟ್ಟಿರಲಿಲ್ಲ. ಪುಸ್ತಕದಲ್ಲಿ ಬರೀ ‘ತಾಯಿ’ ಎಂದಿತ್ತು.

ಆದರೆ ತಂಡದಲ್ಲಿ ಇನ್ನೊಬ್ಬರಿದ್ದಾರೆ. ನನಗಿಂತ ಹಿರಿಯ ನಟರು. ಲಿಯರ್ ಮಾಡಬೇಕೆಂದು ಎಷ್ಟೋ ವರ್ಷಗಳಿಂದ ಹೇಳುತ್ತಾ ಬಂದವರು, ಮೊದಲ ದೃಶ್ಯ ಅವರಿಗೆ ಬಾಯಿಪಾಠ. ಅಂದು ಅವರು ಏನೂ ಮಾತನಾಡಲಿಲ್ಲ. ಮೂಲೆಯಲ್ಲಿ ನೀರು ಸೋರುತ್ತಿದ್ದ ಛತ್ರಿ ತೆಗೆದುಕೊಂಡು ಹೊರಟುಹೋದರು. ಅಂದಿನಿಂದ ತಾಲೀಮಿಗೆ ಬಂದಿಲ್ಲ.

ಹೊರಗೆ ಇದು ಹೊಸ ಸಂಗತಿಯೇನಲ್ಲ. ಗ್ಲೆಂಡಾ ಜಾಕ್ಸನ್ 2016ರಲ್ಲಿ ಲಂಡನ್ನಿನ ಓಲ್ಡ್ ವಿಕ್ ರಂಗಮಂದಿರದಲ್ಲಿ ಲಿಯರ್ ಆಗಿ ನಿಂತಾಗ ಅವರಿಗೆ 80 ವರ್ಷ. ಎರಡು ಆಸ್ಕರ್ ಪಡೆದ ನಟಿ. 1992ರಲ್ಲಿ ಬ್ರಿಟನ್ನಿನ ಸಂಸತ್ತಿಗೆ ಆಯ್ಕೆಯಾಗಿ 2015ರವರೆಗೂ ಅಲ್ಲಿದ್ದರು. ಎರಡು ದಶಕಗಳಿಗೂ ಹೆಚ್ಚು ಕಾಲ ರಂಗವನ್ನೇ ಬಿಟ್ಟಿದ್ದವರು ಮರಳಿ ಬಂದದ್ದು ಲಿಯರ್ ಆಗಿ. ನಾಟಕದಲ್ಲಿ ಲಿಯರ್ ತನಗೆ ಎಂಬತ್ತು ದಾಟಿದೆ ಎಂದು ತಾನೇ ಹೇಳುತ್ತಾನೆ. ಆ ಮಾತನ್ನು ಬಣ್ಣದ ಸುಕ್ಕುಗಳ ನೆರವಿಲ್ಲದೆ ಹೇಳಬಲ್ಲ ನಟರು ಎಷ್ಟು ಮಂದಿ ಇದ್ದಾರು?

ನನ್ನ ಮನಸ್ಸು ಅವರಿಗೇ ಕೊಡೋಣ ಎನ್ನುತ್ತಿದೆ. ಆದರೂ ಒಪ್ಪದವರ ಮಾತನ್ನು ಪೂರ್ತಿ ಕೇಳಬೇಕು. ಹೇಳಿ.

ಗೋಣಿಕೊಪ್ಪಲಿನ ಪ್ರೇಕ್ಷಕಿ

ಗ್ಲೆಂಡಾ ಜಾಕ್ಸನ್ ಅವರ ಲಿಯರ್ ಅನ್ನು ನಾನು ಕಣ್ಣಾರೆ ಕಂಡಿದ್ದೇನೆ. ಲಂಡನ್ನಿನಲ್ಲಿ ಅಲ್ಲ, 2019ರಲ್ಲಿ ನ್ಯೂಯಾರ್ಕಿನ ಕಾರ್ಟ್ ಥಿಯೇಟರಿನಲ್ಲಿ. ಮಗಳ ಬಾಣಂತನಕ್ಕೆ ಹೋಗಿದ್ದೆ, ಅವಳೇ ಟಿಕೆಟ್ ತೆಗೆದುಕೊಟ್ಟಳು. ಅದು ಲಂಡನ್ನಿನ ಪ್ರಯೋಗವಲ್ಲ, ಬೇರೆಯೇ ನಿರ್ದೇಶನ. ಲಂಡನ್ನಿನದು ಡೆಬೊರಾ ವಾರ್ನರ್ ಅವರದು, ಇದು ಸ್ಯಾಮ್ ಗೋಲ್ಡ್ ಅವರದು. ಫಿಲಿಪ್ ಗ್ಲಾಸ್ ಅವರ ಸಂಗೀತವನ್ನು ವಾದ್ಯಗಾರರು ರಂಗದ ಮೇಲೆಯೇ ನುಡಿಸುತ್ತಿದ್ದರು. ಕೆಲವೊಮ್ಮೆ ಅದು ಮಾತಿಗೆ ಅಡ್ಡ ಬಂತು ಎಂದೇ ನನಗೆ ಅನ್ನಿಸಿತು.

ಆಕೆ ತೀರಾ ಸಣ್ಣ ಮೈಕಟ್ಟಿನವರು. ಒಳಗೆ ಬಂದಾಗ ‘ಇವರೇನಾ?’ ಅನ್ನಿಸಿತು. ಬಾಯಿ ತೆರೆದ ಮೇಲೆ ಆ ಪ್ರಶ್ನೆ ಉಳಿಯಲಿಲ್ಲ. ಗಂಡು ದನಿಯನ್ನು ಅನುಕರಿಸುವ ಪ್ರಯತ್ನ ಎಲ್ಲಿಯೂ ಇರಲಿಲ್ಲ. ತಮ್ಮದೇ ದನಿ, ತಳದಿಂದ ಬರುವ ಒರಟು ದನಿ. ಆಜ್ಞೆ ಮಾಡಿ ಮಾಡಿ ಅಭ್ಯಾಸವಾದವರ ದನಿ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ನಾನು ಹೆಂಗಸನ್ನೂ ನೋಡುತ್ತಿರಲಿಲ್ಲ, ಗಂಡಸನ್ನೂ ನೋಡುತ್ತಿರಲಿಲ್ಲ. ನನ್ನ ಮಾವನವರನ್ನು ಅವರ ಕೊನೆಯ ಎರಡು ವರ್ಷಗಳಲ್ಲಿ ನೋಡಿದ ಹಾಗೆ ನೋಡುತ್ತಿದ್ದೆ. ತೋಟದ ಕೀಲಿಕೈ ಮಗನಿಗೆ ಕೊಟ್ಟಮೇಲೂ ದಿನಾ ಬೆಳಗ್ಗೆ ಸೊಂಟ ತಡವಿಕೊಳ್ಳುತ್ತಿದ್ದರು, ಅವರು.

ಅಲ್ಲಿ ಲಿಯರ್‌ನ ಕಿರಿಯ ಮಗಳು ಕಾರ್ಡೀಲಿಯಾ ಮತ್ತು ವಿದೂಷಕ ಎರಡನ್ನೂ ರೂತ್ ವಿಲ್ಸನ್ ಒಬ್ಬರೇ ಮಾಡಿದ್ದರು. ಕೊನೆಯಲ್ಲಿ ಲಿಯರ್ ‘ನನ್ನ ಬಡಪಾಯಿ ಹುಚ್ಚನನ್ನು ನೇಣಿಗೆ ಹಾಕಿದರು’ ಎನ್ನುವಾಗ ಆ ಮಾತು ಮಗಳ ಬಗ್ಗೆಯೂ ವಿದೂಷಕನ ಬಗ್ಗೆಯೂ ಆಗಿ ಎರಡೂ ಕಡೆಗೆ ತಾಗಿತು. ನಿಮ್ಮ ತಂಡ ಚಿಕ್ಕದಾದರೆ ಇದನ್ನೂ ಯೋಚಿಸಿ.

ನಾಪೋಕ್ಲು ಹಳಬ

ನಾನು ಒಪ್ಪುವುದಿಲ್ಲ. ಕಾರಣ ಹೇಳುತ್ತೇನೆ, ತಪ್ಪು ತಿಳಿಯಬೇಡಿ.

ಈ ನಾಟಕ ಮುಪ್ಪಿನ ಕಥೆ ಮಾತ್ರವಲ್ಲ. ಅಪ್ಪನ ಕಥೆ. ಮಕ್ಕಳು ತನ್ನ ಸ್ವತ್ತು ಎಂದು ನಂಬಿದ ಗಂಡಸಿನ ಕಥೆ. ಮೂವರು ಹೆಣ್ಣುಮಕ್ಕಳನ್ನು ಸಭೆಯಲ್ಲಿ ಸಾಲಾಗಿ ನಿಲ್ಲಿಸಿ ‘ನನ್ನನ್ನು ಎಷ್ಟು ಪ್ರೀತಿಸುತ್ತೀರಿ ಹೇಳಿ, ಅದಕ್ಕೆ ತಕ್ಕ ಭೂಮಿ ಕೊಡುತ್ತೇನೆ’ ಎನ್ನುವ ದರ್ಪ ಇದೆಯಲ್ಲ, ಅದು ಎಲ್ಲರಿಗೂ ಬರುವ ದರ್ಪವಲ್ಲ. ಅದರ ಬೇರು ಎಲ್ಲಿದೆ ಎಂಬುದನ್ನು ಪ್ರೇಕ್ಷಕ ನೋಡಬೇಕು. ಆ ಜಾಗದಲ್ಲಿ ಹೆಂಗಸು ನಿಂತರೆ ಅಪ್ಪಂದಿರು ಸುಲಭವಾಗಿ ಪಾರಾಗುತ್ತಾರೆ. ‘ವಯಸ್ಸಾದರೆ ಎಲ್ಲರೂ ಹೀಗೆಯೇ’ ಎಂದುಕೊಂಡು ಮನೆಗೆ ಹೋಗುತ್ತಾರೆ.

ಎರಡನೆಯ ಮಾತು. ಹಿರಿಯ ನಟಿಯರಿಗೆ ಪಾತ್ರಗಳಿಲ್ಲ ಎಂಬುದು ನಿಜ, ಅನ್ಯಾಯವೂ ಹೌದು. ಅದಕ್ಕೆ ಪರಿಹಾರ ಗಂಡಸಿನ ಪಾತ್ರವನ್ನು ಎರವಲು ಕೊಡುವುದೇ? ಅವರಿಗಾಗಿ ನಾಟಕ ಬರೆಯಿರಿ. ಈ ನಾಡಿನಲ್ಲಿ 1906ರಷ್ಟು ಹಿಂದೆಯೇ ಹರದಾಸ ಅಪ್ಪಚ್ಚ ಕವಿ ಕೊಡವ ಭಾಷೆಯಲ್ಲಿ ಯಯಾತಿಯ ನಾಟಕ ಬರೆದರು, ಆಮೇಲೆ ಸಾವಿತ್ರಿ, ಕಾವೇರಿ ಬರೆದರು. ನಮಗೆ ಬರೆಯುವುದು ಬರುತ್ತದೆ.

ಮೂರನೆಯದು, ಛತ್ರಿ ಹಿಡಿದು ಹೊರಟುಹೋದವರು. ಅವರನ್ನು ಯಾರಾದರೂ ಹೋಗಿ ಮಾತನಾಡಿಸಿದಿರಾ?

ನೇಪಥ್ಯ, ಮಡಿಕೇರಿ

ಇಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ಹೋಗಬೇಕಿತ್ತು. ನಾಳೆ ಹೋಗುತ್ತೇನೆ.

ಪೊನ್ನಂಪೇಟೆ ಕನ್ನಡ ಪಾಠ

ಮೂವತ್ತು ವರ್ಷ ಕನ್ನಡ ವ್ಯಾಕರಣ ಕಲಿಸಿದವಳು ನಾನು. ಹಾಗಾಗಿ ನನ್ನ ಕಣ್ಣು ಮೊದಲು ಹೋಗುವುದು ಕ್ರಿಯಾಪದದ ಕಡೆಗೆ. ಈ ಪ್ರಶ್ನೆಯಲ್ಲಿ ಇಂಗ್ಲಿಷಿಗೆ ಇಲ್ಲದ ಒಂದು ಅನುಕೂಲ ಕನ್ನಡಕ್ಕಿದೆ. ಅದನ್ನು ಯಾರೂ ಹೇಳದ ಕಾರಣ ನಾನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

‘ನಾನು ಕೊಟ್ಟೆ, ನಾನು ಕೆಟ್ಟೆ.’ ಹೇಳಿದವರು ಗಂಡೋ ಹೆಣ್ಣೋ? ಗೊತ್ತಾಗುವುದಿಲ್ಲ. ಉತ್ತಮ ಪುರುಷದಲ್ಲಿ ಕನ್ನಡ ಕ್ರಿಯಾಪದಕ್ಕೆ ಲಿಂಗವಿಲ್ಲ. ಹಿಂದಿಯಲ್ಲಿ ಲಿಯರ್ ‘ನಾನು ಹೋಗುತ್ತೇನೆ’ ಎಂದರೂ ಗಂಡಸೆಂದು ತಿಳಿದುಬಿಡುತ್ತದೆ, ನಮ್ಮಲ್ಲಿ ಹಾಗಿಲ್ಲ. ಲಿಯರ್ ತನ್ನ ಬಗ್ಗೆ ಆಡುವ ಎಷ್ಟೋ ಮಾತುಗಳನ್ನು ನಿಮ್ಮ ನಟಿ ಒಂದಕ್ಷರ ಬದಲಿಸದೆ ಆಡಬಹುದು.

ಇನ್ನು ಬೇರೆಯವರು ಲಿಯರ್ ಬಗ್ಗೆ ಆಡುವ ಮಾತು. ಆಸ್ಥಾನ ಗೌರವದಲ್ಲಿರುವ ತನಕ ‘ಮಹಾರಾಜರು ಬಂದರು’, ‘ಅವರು ಹೇಳಿದರು’. ಇಲ್ಲೂ ಲಿಂಗ ಕಾಣಿಸುವುದಿಲ್ಲ, ಬಹುವಚನದ ಮರ್ಯಾದೆ ಅದನ್ನು ಮುಚ್ಚಿರುತ್ತದೆ. ಮೊದಲ ಅಂಕದ ಮೂರನೆಯ ದೃಶ್ಯದಲ್ಲಿ ಹಿರಿಯ ಮಗಳು ಗಾನೆರಿಲ್ ತನ್ನ ಸೇವಕನೊಂದಿಗೆ ತಂದೆಯ ವಿಷಯ ಮಾತನಾಡುತ್ತಾಳೆ, ಕೊಟ್ಟುಬಿಟ್ಟ ಅಧಿಕಾರವನ್ನು ಇನ್ನೂ ಚಲಾಯಿಸಲು ನೋಡುವ ಕೆಲಸವಿಲ್ಲದ ಮುದುಕ ಎಂದು. ಅಲ್ಲಿ ಮೊದಲ ಬಾರಿಗೆ ‘ಅವರು’ ಬಿದ್ದುಹೋಗಿ ‘ಅವನು’ ಬರಲಿ. ಒಂದೇ ಒಂದು ಪ್ರತ್ಯಯ. ಮರ್ಯಾದೆ ಕಳಚಿದ ಕ್ಷಣವೂ ಅದೇ, ಈ ದೇಹಕ್ಕೆ ‘ಗಂಡು’ ಎಂಬ ಹಣೆಪಟ್ಟಿ ಬಿದ್ದ ಕ್ಷಣವೂ ಅದೇ. ಸೀರೆಯುಟ್ಟು ನಲವತ್ತು ವರ್ಷ ರಂಗದ ಮೇಲೆ ಕಂಡ ಮುಖಕ್ಕೆ ‘ಅವನು’ ಎಂದಾಗ ಸಭೆ ಬೆಚ್ಚಿಬೀಳುತ್ತದೆ. ಗಂಡು ನಟ ಮಾಡಿದರೆ ಆ ‘ಅವನು’ ಕಿವಿಯ ಪಕ್ಕದಲ್ಲೇ ಸರಿದುಹೋಗಬಹುದು.

ಅದರ ಮುಂದಿನ ದೃಶ್ಯವನ್ನು ಇನ್ನೂ ಗಮನವಿಟ್ಟು ಓದಿ. ಲಿಯರ್ ಅದೇ ಸೇವಕ ಆಸ್ವಾಲ್ಡ್‌ನನ್ನು ತಡೆದು ‘ನಾನು ಯಾರು?’ ಎಂದು ಕೇಳುತ್ತಾನೆ. ‘ಮಹಾರಾಜರು’ ಎಂಬ ಉತ್ತರ ಬರಬೇಕಿತ್ತು. ಬರುವುದು ‘ನಮ್ಮ ಒಡತಿಯ ತಂದೆ’ ಎಂದು. ಲಿಯರ್ ಉರಿದುಬೀಳುವುದು ಅದಕ್ಕೇ. ತನ್ನ ಹೆಸರು ಹೋಯಿತು, ಇನ್ನೊಬ್ಬರ ಸಂಬಂಧಿಯಾಗಿ ಉಳಿದೆ ಎಂಬುದಕ್ಕೆ. ಈಗ ನೇಪಥ್ಯದವರು ಬರೆದ ಆ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿ. ಹತ್ತು ವರ್ಷ ‘ತಾಯಿ’ ಎಂದಷ್ಟೇ ಅಚ್ಚಾದ ಪಾತ್ರಗಳನ್ನು ಮಾಡಿದವರು ಆ ಹೆಂಗಸು. ‘ನಾನು ಯಾರು’ ಎಂದು ಕೇಳಿ, ‘ಇಂಥವರ ಅಪ್ಪ’ ಎಂಬ ಉತ್ತರವನ್ನು ಮುಖಕ್ಕೆ ಹೊಡೆಸಿಕೊಳ್ಳುವುದು ಹೇಗಿರುತ್ತದೆಂದು ಅವರಿಗೆ ಯಾರೂ ಕಲಿಸಬೇಕಾಗಿಲ್ಲ.

ನಾಪೋಕ್ಲಿನವರ ಮೊದಲ ಆಕ್ಷೇಪಕ್ಕೆ ನನ್ನ ಬಳಿ ಇರುವ ಉತ್ತರ ಇದು. ಲಿಯರ್ ಅಪ್ಪನಾಗಿಯೇ ಇರಲಿ, ದೊರೆಯಾಗಿಯೇ ಇರಲಿ. ರಾಣಿ ಎಂದು ತಿದ್ದಬೇಡಿ, ಅಮ್ಮ ಎಂದಂತೂ ಮಾಡಲೇಬೇಡಿ. ಹೆಲೆನ್ ಮಿರೆನ್, ಷೇಕ್ಸ್‌ಪಿಯರನದೇ ‘ದಿ ಟೆಂಪೆಸ್ಟ್’ ನಾಟಕದ 2010ರ ಚಲನಚಿತ್ರದಲ್ಲಿ, ಪ್ರಾಸ್ಪೆರೊ ಪಾತ್ರವನ್ನು ಪ್ರಾಸ್ಪೆರಾ ಎಂದು ಹೆಣ್ಣಾಗಿಸಿ ಮಾಡಿದರು. ಆ ಕಥೆಗೆ ಅದು ಒಗ್ಗುತ್ತದೆ, ಈ ಕಥೆಗೆ ಒಗ್ಗುವುದಿಲ್ಲ. ಲಿಯರ್ ಅಮ್ಮನಾದರೆ ನೀವು ಹೇಳಿದ ಬೇರೇ ಕಿತ್ತುಹೋಗುತ್ತದೆ.

ಕುಶಾಲನಗರ ಕೊನೆಯ ಸಾಲು

ಲಂಡನ್, ನ್ಯೂಯಾರ್ಕ್ ಎಲ್ಲ ಸರಿ. ನಮ್ಮವರೇ ಆದ ಆರ್. ನಾಗರತ್ನಮ್ಮ ಅವರನ್ನು ಯಾರೂ ನೆನೆಯಲಿಲ್ಲವಲ್ಲ! 1958ರಲ್ಲಿ ಹೆಂಗಸರಷ್ಟೇ ಇರುವ ಸ್ತ್ರೀ ನಾಟಕ ಮಂಡಳಿ ಕಟ್ಟಿದವರು. ಕಂಸ, ರಾವಣ, ದುರ್ಯೋಧನ ಎಲ್ಲವನ್ನೂ ತಾವೇ ಮಾಡಿದವರು. 2012ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ತೀರಿಕೊಂಡರು. ನಾನು ಚಿಕ್ಕವನಾಗಿದ್ದಾಗ ತಾಯಿಯ ಜೊತೆ ಅವರ ಕಂಸನನ್ನು ನೋಡಿದ್ದೆ. ‘ಅವರು ಹೆಂಗಸು ಕಣೋ’ ಎಂದು ತಾಯಿ ಎಷ್ಟು ಹೇಳಿದರೂ ನಂಬದೆ, ಪರದೆ ಬಿದ್ದಮೇಲೂ ತಾಯಿಯ ಸೆರಗು ಹಿಡಿದುಕೊಂಡೇ ಕುಳಿತಿದ್ದೆ.

ಅವರ ಕಂಸನಿಗೆ ಮೀಸೆ ಇತ್ತು, ಕಿರೀಟ ಇತ್ತು. ಕಂಪನಿ ನಾಟಕದ ಕಟ್ಟುಪಾಡು ಅದು. ನಿಮ್ಮ ಲಿಯರ್‌ಗೆ ಗಡ್ಡ ಅಂಟಿಸುತ್ತೀರಾ? ದಯವಿಟ್ಟು ಬೇಡ. ಗಡ್ಡ ಅಂಟಿಸಿದರೆ ಜನ ಗಡ್ಡವನ್ನೇ ನೋಡುತ್ತಾರೆ. ಕೂದಲು ಬಿಳಿ ಇದ್ದರೆ ಹಾಗೆಯೇ ಬಿಡಿ, ಚಿಕ್ಕದಾಗಿ ಕತ್ತರಿಸಿಕೊಳ್ಳಲಿ.

ಇನ್ನೊಂದು ಮಾತು. ಷೇಕ್ಸ್‌ಪಿಯರನ ಕಾಲದ ಇಂಗ್ಲೆಂಡಿನ ವೃತ್ತಿರಂಗದಲ್ಲಿ ಹೆಂಗಸರಿಗೆ ಪ್ರವೇಶವೇ ಇರಲಿಲ್ಲ, ಗಾನೆರಿಲ್, ರೀಗನ್, ಕಾರ್ಡೀಲಿಯಾ ಮೂವರೂ ಹುಡುಗರೇ. ಹೆಂಗಸರಿಗೆ ಆ ರಂಗ ತೆರೆದದ್ದು 1660ರ ಹೊತ್ತಿಗೆ. ಆಮೇಲೆ ಅವರು ಸುಮ್ಮನಿರಲಿಲ್ಲ. 1845ರಲ್ಲಿ ಷಾರ್ಲೆಟ್ ಕುಷ್ಮನ್ ಲಂಡನ್ನಿನಲ್ಲಿ ರೋಮಿಯೋ ಆದರು, ಜೂಲಿಯೆಟ್ ಆದದ್ದು ಅವರ ತಂಗಿ. 1899ರಲ್ಲಿ ಸಾರಾ ಬರ್ನಾರ್ ಐವತ್ತು ದಾಟಿದ ವಯಸ್ಸಿನಲ್ಲಿ ಹ್ಯಾಮ್ಲೆಟ್ ಮಾಡಿದರು.

ಕಕ್ಕಬೆ ಕಾಲುದಾರಿ

ಲಿಯರ್ ಕಥೆ ಕೊಡಗಿನವರಿಗೆ ದೂರದ್ದೆಂದು ಯಾರು ಹೇಳಿದರು? ನಾನಿರುವ ಜಾಗದಿಂದ ನಾಲ್ಕುನಾಡು ಅರಮನೆಗೆ ನಡೆದುಹೋಗಬಹುದು. ಅದನ್ನು ಕಟ್ಟಿಸಿದ ಕೊಡಗಿನ ದೊರೆ ದೊಡ್ಡವೀರರಾಜೇಂದ್ರನಿಗೆ ಪಟ್ಟಕ್ಕೆ ಗಂಡುಮಗನಿರಲಿಲ್ಲ. ರಾಣಿ ಮಹದೇವಮ್ಮಾಜಿ 1807ರಲ್ಲಿ ತೀರಿಕೊಂಡ ಮೇಲೆ ಅವನ ಬುದ್ಧಿ ಸ್ಥಿಮಿತದಲ್ಲಿ ಉಳಿಯಲಿಲ್ಲ. ಸಿಟ್ಟಿನಲ್ಲಿ ಕೊಲ್ಲಿಸುವುದು, ಆಮೇಲೆ ಪಶ್ಚಾತ್ತಾಪದಲ್ಲಿ ಬೇಯುವುದು. ರಾಜ್ಯ ಮಗಳು ದೇವಮ್ಮಾಜಿಗೆ ಸಲ್ಲಬೇಕೆಂದು ಅವನು ಮಾಡದ ಏರ್ಪಾಡಿಲ್ಲ. 1809ರಲ್ಲಿ ಅವನು ಸತ್ತ. ಎರಡು ವರ್ಷ ಕಳೆಯುವಷ್ಟರಲ್ಲಿ ಆ ಹುಡುಗಿಯ ಚಿಕ್ಕಪ್ಪ ಲಿಂಗರಾಜೇಂದ್ರ ಪಟ್ಟ ಏರಿದ.

ಅಂದರೆ ನಮ್ಮ ಲಿಯರ್ ಮಗಳನ್ನು ನಂಬಿ ಕೆಟ್ಟವನಲ್ಲ. ಮಗಳನ್ನು ನಂಬಿದ, ಆದರೆ ಸುತ್ತಲಿನ ಗಂಡಸರು ಅವಳನ್ನು ಉಳಿಯಗೊಡಲಿಲ್ಲ. ಮಡಿಕೇರಿಯಲ್ಲಿ ರಾಜರ ಸಮಾಧಿಯಿರುವ ಗದ್ದಿಗೆಗೆ ಹೋದಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ, ದೊರೆ ಮತ್ತು ರಾಣಿ ಅಲ್ಲಿ ಒಟ್ಟಿಗಿದ್ದಾರೆ.

ಅದೇ ಹಾಲೇರಿ ವಂಶದ ಕೊನೆಯ ದೊರೆ ಚಿಕವೀರರಾಜೇಂದ್ರನ ಬಗ್ಗೆ ಕಾದಂಬರಿ ಬರೆದ ಮಾಸ್ತಿಯವರೇ ಲಿಯರ್ ನಾಟಕವನ್ನು ಕನ್ನಡಕ್ಕೆ ತಂದವರು. ನೀವು ಯಾರ ಅನುವಾದ ಬಳಸುತ್ತಿದ್ದೀರೋ ತಿಳಿಯದು, ಆದರೆ ಅದನ್ನೊಮ್ಮೆ ಮುಂದಿಟ್ಟುಕೊಂಡು ಓದಿ. ಹಾಗೆಂದು ಲಿಯರ್‌ಗೆ ದೊಡ್ಡವೀರರಾಜೇಂದ್ರನ ವೇಷ ಹಾಕಬೇಡಿ. ಆಗ ಚರ್ಚೆ ಪೂರ್ತಿ ಬೇರೆ ದಾರಿ ಹಿಡಿಯುತ್ತದೆ.

ಗಾನೆರಿಲ್

ಈ ತಂಡದಲ್ಲಿ ಗಾನೆರಿಲ್ ಮಾಡುತ್ತಿರುವವಳು ನಾನೇ. ಬರೆಯುವುದೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

ಕಳೆದ ಭಾನುವಾರ ಸುಮ್ಮನೆ ಓದಿ ನೋಡೋಣವೆಂದು ಕುಳಿತಿದ್ದೆವು. ಮೊದಲ ಅಂಕದ ಕೊನೆಗೆ ಲಿಯರ್ ಗಾನೆರಿಲ್‌ಗೆ ಶಾಪ ಹಾಕುತ್ತಾನೆ. ಇವಳ ಗರ್ಭ ಬರಡಾಗಲಿ, ಹುಟ್ಟಿದರೂ ಹಿಂಸಿಸುವ ಮಗುವೇ ಹುಟ್ಟಲಿ ಎಂದು. ಗಂಡು ನಟರು ಇದನ್ನು ಗುಡುಗುವುದನ್ನು ಕೇಳಿದ್ದೇನೆ. ಗುಡುಗಿದರೆ ನಾನು ಎದುರು ನಿಲ್ಲಬಲ್ಲೆ, ಅಷ್ಟು ಗಟ್ಟಿಯಿದ್ದೇನೆ.

ಅಮ್ಮ (ನಾವೆಲ್ಲ ಅವರನ್ನು ಹಾಗೆಯೇ ಕರೆಯುವುದು) ಗುಡುಗಲಿಲ್ಲ. ಕನ್ನಡಕ ತೆಗೆದು ಮಡಿಲಲ್ಲಿಟ್ಟರು. ಪುಸ್ತಕ ನೋಡಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ, ನನ್ನ ಹೊಟ್ಟೆಯನ್ನು ನೋಡಿದರು. ಮೆಲ್ಲಗೆ, ಪೂಜೆಯ ಸಂಕಲ್ಪ ಹೇಳುವವರ ಹಾಗೆ ಒಂದೊಂದೇ ಪದ ಬಿಡಿಸಿ ಹೇಳಿದರು. ಗರ್ಭ ಏನೆಂದು ಗೊತ್ತಿದ್ದವರು ಗರ್ಭಕ್ಕೆ ಹಾಕಿದ ಶಾಪ ಅದು. ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗಿತ್ತು. ನನ್ನ ಮುಂದಿನ ಮಾತು ಹೊರಡಲಿಲ್ಲ, ಬೆಳಕಿನವರು ಪುಸ್ತಕ ನೋಡಿ ಎತ್ತಿಕೊಡಬೇಕಾಯಿತು.

ಆಮೇಲೆ ಎರಡನೆಯ ಅಂಕ. ತನ್ನ ದೂತನನ್ನು ಕೋಳಕ್ಕೆ ಹಾಕಿದ್ದನ್ನು ಕಂಡ ಲಿಯರ್‌ಗೆ ಒಳಗಿನಿಂದ ಏನೋ ಉಕ್ಕಿಬಂದು ಗಂಟಲು ಕಟ್ಟುತ್ತದೆ. ಮೂಲದಲ್ಲಿ ಆ ಉಮ್ಮಳಕ್ಕೆ ‘ತಾಯಿ’ ಎಂದೇ ಹೆಸರು. ಗರ್ಭಕೋಶದಿಂದ ಮೇಲೇರುವ, ಹೆಂಗಸರ ಕಾಯಿಲೆ ಎಂದು ಆಗಿನವರು ನಂಬಿದ್ದ ಬೇನೆ ಅದು. ಲಿಯರ್ ಅದನ್ನು ತನ್ನ ಎದೆಯಲ್ಲೇ ಕಂಡು ಕೆಳಗಿಳಿ ಎನ್ನುತ್ತಾನೆ. ಅದೇ ದೃಶ್ಯದಲ್ಲಿ, ಹೆಂಗಸರ ಆಯುಧವಾದ ಕಣ್ಣೀರು ತನ್ನ ಗಂಡುಕೆನ್ನೆಯನ್ನು ಕೆಡಿಸದಿರಲಿ ಎಂದು ದೇವರುಗಳನ್ನು ಬೇಡುತ್ತಾನೆ. ಈ ಮನುಷ್ಯ ನಾಟಕವಿಡೀ ಹೆದರುವುದು ತನ್ನೊಳಗಿನ ಹೆಂಗಸಿಗೆ. ನಾಪೋಕ್ಲಿನವರೇ, ಅಪ್ಪಂದಿರು ಪಾರಾಗುವುದಿಲ್ಲ. ಅಮ್ಮನ ಬಾಯಲ್ಲಿ ‘ಗಂಡುಕೆನ್ನೆ’ ಎಂಬ ಪದ ಕೇಳಿ ನೋಡಿ, ಆಮೇಲೆ ಹೇಳಿ.

ಸೋಮವಾರಪೇಟೆ ಬೆಳಕು

ಮಾತು ಎತ್ತಿಕೊಟ್ಟವನು ನಾನು. ಅವಳು ಬರೆದದ್ದರಲ್ಲಿ ಒಂದಕ್ಷರ ಹೆಚ್ಚಿಲ್ಲ.

ನನ್ನದು ಕೆಲಸದ ಮಾತು. ಬಿರುಗಾಳಿಯ ದೃಶ್ಯದಲ್ಲಿ ಕೂಗಾಟದ ಪೈಪೋಟಿ ಬೇಡ. ಅವರ ಗಂಟಲು ಎರಡು ಪ್ರದರ್ಶನಕ್ಕೇ ಹರಿದುಹೋಗುತ್ತದೆ. ನಮ್ಮ ತಾಲೀಮು ಕೊಠಡಿಗೆ ತಗಡಿನ ಮಾಡು. ಕಕ್ಕಡ ತಿಂಗಳ ಜಡಿಮಳೆ ಅದರ ಮೇಲೆ ಬಿದ್ದರೆ ಪಕ್ಕದವರ ಮಾತೂ ಕೇಳುವುದಿಲ್ಲ. ಕಳೆದ ವಾರ ಮಳೆ ಬಂದಾಗ ಅವರು ದನಿ ಏರಿಸಲಿಲ್ಲ. ಮಳೆ ತಗ್ಗುವ ಸಂದಿಗಾಗಿ ಕಾದು, ಆ ಸಂದಿಯಲ್ಲಿ ಒಂದು ವಾಕ್ಯ ಇಟ್ಟರು. ಮತ್ತೆ ಕಾದರು. ಕೊಡಗಿನ ಮಳೆಯ ಜೊತೆ ಅರವತ್ತೇಳು ವರ್ಷ ಮಾತನಾಡಿದವರಿಗೆ ಮಾತ್ರ ಬರುವ ತಾಳ ಅದು. ಆ ಮಳೆಯ ಸದ್ದನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡಿದ್ದೇನೆ, ಪ್ರದರ್ಶನಕ್ಕೂ ಅದನ್ನೇ ಬಳಸುತ್ತೇನೆ.

ಉಡುಗೆಯ ಬಗ್ಗೆ ನನ್ನದೊಂದು ಆಸೆ ಇದೆ. ಲಿಯರ್‌ಗೆ ಕೊಡವ ಗಂಡಸರ ನಿಲುವಂಗಿ ಕುಪ್ಯ ತೊಡಿಸಿ, ಸೊಂಟಕ್ಕೆ ಚೇಲೆ ಕಟ್ಟಿದರೆ? ಕೊನೆಯಲ್ಲಿ ‘ಈ ಗುಂಡಿ ಬಿಚ್ಚು’ ಎನ್ನುವ ಜಾಗದಲ್ಲಿ ‘ಈ ಗಂಟು ಬಿಚ್ಚು’ ಎನ್ನಬಹುದು.

ನಾಪೋಕ್ಲು ಹಳಬ

ಗಾನೆರಿಲ್ ಬರೆದದ್ದನ್ನು ಮೂರು ಸಲ ಓದಿದೆ. ಶಾಪದ ವಿಷಯದಲ್ಲಿ ನನ್ನ ಬಳಿ ಮರುಮಾತಿಲ್ಲ. ಹೊಸ ನಾಟಕ ಬರೆಯಬೇಕು ಎಂಬ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಲಿಯರ್ ಒಮ್ಮೆ ಆಗುತ್ತದೆ, ಆಮೇಲೆ ಆ ತಾಯಿ ಮತ್ತೆ ಹೆಸರಿಲ್ಲದ ಅಜ್ಜಿಯೇ ಆಗಬೇಕೇ?

ಕುಪ್ಯ ಬೇಡ. ಅದು ಮದುವೆಗೆ, ಹಬ್ಬಕ್ಕೆ ಮೈಮೇಲೆ ಬರುವ ಬಟ್ಟೆ, ಅದರ ಜೊತೆ ಹಿರಿಯರ ನೆನಪಿದೆ. ಹುಚ್ಚುಹಿಡಿದ ದೊರೆ ಅದನ್ನು ಹರಿದೆಸೆಯುವುದನ್ನು ನೋಡಿದರೆ ನೋಯುವವರು ಬಹಳ ಇದ್ದಾರೆ, ನಾನೂ ಒಬ್ಬ. ಒಂದು ಕಂಬಳಿ ಸಾಕು. ಬಿರುಗಾಳಿಯಲ್ಲಿ ವಿದೂಷಕ ದೊರೆಯ ತಲೆಯ ಮೇಲೆ ಗೊರಬೆ, ಬಿದಿರು-ಎಲೆಯ ಆ ಮಳೆಹೊದಿಕೆ, ಹೊದಿಸಲಿ. ನಮ್ಮ ಗದ್ದೆಗಳಲ್ಲಿ ನಾಟಿಗೆ ಬಾಗಿದ ಹೆಂಗಸರ ಬೆನ್ನ ಮೇಲೆ ಇರುತ್ತಿದ್ದದ್ದು ಅದೇ.

ಸೋಮವಾರಪೇಟೆ ಬೆಳಕು

ಗೊರಬೆ! ಸರಿ, ಕುಪ್ಯ ಬಿಟ್ಟೆ.

ಛತ್ರಿ

ನೇಪಥ್ಯದವರು ನಿನ್ನೆ ಮನೆಗೆ ಬಂದಿದ್ದರು. ಮೊಬೈಲಿನಲ್ಲಿ ಇದನ್ನೆಲ್ಲ ತೋರಿಸಿ ಹೋದರು. ಬರೆಯುವುದು ನನಗೆ ಅಭ್ಯಾಸವಿಲ್ಲ.

ನನಗೆ ನೋವಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಈ ಪಾತ್ರಕ್ಕಾಗಿ ಕಾದಿದ್ದೇನೆ. ನನಗೂ ವಯಸ್ಸು ಹಿಂದಕ್ಕೆ ಹೋಗುವುದಿಲ್ಲ. ಅವರು ಕೇಳಿದ್ದು ತಪ್ಪಲ್ಲ. ನಾನು ಯಾವತ್ತೂ ಬಾಯಿಬಿಟ್ಟು ಕೇಳಿರಲಿಲ್ಲ, ನನಗೇ ಬರುತ್ತದೆ ಎಂದುಕೊಂಡಿದ್ದೆ.

ಆ ಹುಡುಗಿ ಬರೆದದ್ದನ್ನು ಓದಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ನಾಲ್ಕನೆಯ ಅಂಕ ಓದಿದೆ. ಕಣ್ಣು ಕೀಳಿಸಿಕೊಂಡ ಮುದಿ ಸರದಾರ ಗ್ಲಾಸ್ಟರ್ ಬಯಲಲ್ಲಿ ಕುಳಿತಿರುತ್ತಾನೆ, ಹುಚ್ಚು ದೊರೆ ಹೂವು ಮುಡಿದು ಬರುತ್ತಾನೆ. ದನಿಯಿಂದಲೇ ಗ್ಲಾಸ್ಟರ್ ಗುರುತು ಹಿಡಿದು ಕೈಗೆ ಮುತ್ತಿಡಲು ಕೇಳಿದರೆ, ಮೊದಲು ಒರೆಸಿಕೊಳ್ಳುತ್ತೇನೆ, ಇದಕ್ಕೆ ಸಾವಿನ ವಾಸನೆ ಇದೆ ಎನ್ನುತ್ತಾನೆ ಲಿಯರ್. ಮೂವತ್ತು ವರ್ಷ ಅವರೂ ನಾನೂ ಗಂಡಹೆಂಡಿರಾಗಿ, ಅಣ್ಣತಂಗಿಯಾಗಿ, ತಾಯಿಮಗನಾಗಿ ಎದುರುಬದುರು ನಿಂತಿದ್ದೇವೆ. ಆ ಕೈಯನ್ನು ಕಣ್ಣು ಮುಚ್ಚಿದರೂ ಗುರುತಿಸುತ್ತೇನೆ.

ಗ್ಲಾಸ್ಟರ್ ಇನ್ನೂ ಯಾರಿಗೂ ಕೊಟ್ಟಿಲ್ಲವಾದರೆ ಒಮ್ಮೆ ಓದಿ ನೋಡುತ್ತೇನೆ. ಮಾಡುತ್ತೇನೆ ಎಂದು ಈಗಲೇ ಮಾತು ಕೊಡಲಾರೆ.

ನೇಪಥ್ಯ, ಮಡಿಕೇರಿ

ಕೊಟ್ಟಿಲ್ಲ. ಶನಿವಾರ ನಾಲ್ಕು ಗಂಟೆಗೆ ನಾಲ್ಕನೆಯ ಅಂಕದಿಂದಲೇ ಓದು ಶುರು. ಅಮ್ಮನಿಗೆ ಹೇಳಿದ್ದೇನೆ, ಅವರು ಕೇಳಿದ್ದು ಒಂದೇ, ನೀವು ಬರುವ ತನಕ ಯಾರೂ ಶುರು ಮಾಡಬಾರದು ಎಂದು.

ಲಿಯರ್ ಪುಲ್ಲಿಂಗದಲ್ಲೇ ಇರುತ್ತಾನೆ, ಗಡ್ಡ ಇಲ್ಲ, ಕುಪ್ಯ ಇಲ್ಲ. ‘ಅವರು’ ಎಲ್ಲಿ ‘ಅವನು’ ಆಗುತ್ತದೆ ಎಂಬುದನ್ನು ಗುರುತು ಹಾಕಿಕೊಡಲು ಪೊನ್ನಂಪೇಟೆಯವರು ಶನಿವಾರ ಬರಲು ಸಾಧ್ಯವೇ? ಬಸ್ಸಿನ ಖರ್ಚು ತಂಡದ್ದು. ಇನ್ನು, ಅಟ್ಟದ ಮೇಲೆ ಹಳೆಯ ಗೊರಬೆ ಉಳಿಸಿಕೊಂಡವರು ಯಾರಾದರೂ ಇದ್ದರೆ ಇಲ್ಲೇ ತಿಳಿಸಿ. ಹುಳು ಹಿಡಿದಿದ್ದರೂ ಪರವಾಗಿಲ್ಲ, ನಾವೇ ಬಂದು ಒಯ್ಯುತ್ತೇವೆ.